ಹುಂಜವಾವುದು? ಹೇಂಟೆಯಾವುದು?

ಹಿತ್ತಿಲಲ್ಲಿ ನಾಲ್ಕು ಕೋಳಿಗಳನ್ನು ಸಾಕಬೇಕೆಂಬ ಗೃಹಸ್ಥರಿಗೆ ಬ್ಯಾಂಟಂ ಎಂಬ ಗಿಡ್ಡ ಕೋಳಿಯು ಬಹು ಅನುಕೂಲವಾದುದು. ಜಾವಾ ದ್ವೀಪದ ಬಾಂಟೆನ್ ಎಂಬ ರೇವುಪಟ್ಟಣದಿಂದ ಅದಕ್ಕೆ ಈ ಹೆಸರು ಬಂದಿತು. ಸ್ವಲ್ಪ ಸ್ಥಳ, ಸ್ವಲ್ಪ ಕಾಳು ಇದ್ದರೆ ಅದಕ್ಕೆ ಸಾಕು. ಆದರೆ ಮರಿಗಳು ಚಿಪ್ಪೊಡೆದು ಹೊರಬಂದ ದಿನದಿಂದಲೇ ಮನೆಯಲ್ಲಿ ಒಂದು ಪ್ರಶ್ನೆ ಏಳುವುದು: ಇವುಗಳಲ್ಲಿ ಹುಂಜಗಳೆಷ್ಟು, ಹೇಂಟೆಗಳೆಷ್ಟು?

ಇದು ಬರಿಯ ಕುತೂಹಲದ ಮಾತಲ್ಲ. ಸಣ್ಣ ಗೂಡಿಗೆ ಒಂದು ಹುಂಜ ಸಾಕು. ಹೆಚ್ಚಾದರೆ ಜಗಳ ತಪ್ಪದು. ಆದಕಾರಣ ಮಿಕ್ಕ ಹುಂಜಗಳನ್ನು ಮಾರಬೇಕಾಗುವುದು. ಮಾರಿದವು ಬಹುಮಟ್ಟಿಗೆ ಕತ್ತಿಗೇ ಹೋಗುವುವು. ಒಮ್ಮೆ ನಾವು ಎಂಟು ವಾರದ ಮರಿಗಳಲ್ಲಿ ಗಟ್ಟಿಮುಟ್ಟಾಗಿದ್ದ ಎರಡನ್ನು ಹುಂಜಗಳೆಂದು ಬಗೆದು ಸಂತೆಗೆ ಕಳುಹಿದೆವು. ಹೇಂಟೆಯೆಂದು ಉಳಿಸಿಕೊಂಡು, ಮಕ್ಕಳು ಗೌರಿಯೆಂದು ಹೆಸರಿಟ್ಟಿದ್ದ ಮರಿಯು ತಿಂಗಳು ಕಳೆಯುವುದರೊಳಗೆ ಬೇಲಿಯ ಮೇಲೆ ನಿಂತು ಹುಂಜದ ಕೂಗು ಕೂಗಿತು. ಮಕ್ಕಳು ನಕ್ಕರು. ಸಂತೆಗೆ ಹೋದವುಗಳಲ್ಲಿ ಹೇಂಟೆಯಿದ್ದಿತೋ ಏನೋ ಎಂಬ ಅಳುಕು ನಮ್ಮಲ್ಲಿ ಇಂದಿಗೂ ಉಳಿದಿದೆ.

ಮೊನೆಯುಳ್ಳ ಮೊಟ್ಟೆಯಿಂದ ಹುಂಜ, ದುಂಡನೆಯದರಿಂದ ಹೇಂಟೆ ಎಂದು ಹೇಳುವವರುಂಟು. ಇದನ್ನು ನಂಬಲಾಗದು. ಕೋಳಿಗಳಲ್ಲಿ ಮರಿಯ ಲಿಂಗವನ್ನು ನಿರ್ಣಯಿಸುವುದು ತಾಯಿಯ ಅಂಡ. ಹಳದಿಯ ಉಂಡೆಯು ಅಂಡಾಶಯವನ್ನು ಬಿಡುವ ವೇಳೆಗೇ ಆ ನಿರ್ಣಯವು ಆಗಿಹೋಗಿರುವುದು. ಚಿಪ್ಪು ಕಟ್ಟುವುದು ಆಮೇಲೆ. ಚಿಪ್ಪಿನ ಆಕಾರವು ಒಳಗಣ ಗುಟ್ಟನ್ನು ಹೇಗೆ ಬಲ್ಲದು?

1920ರ ದಶಕದಲ್ಲಿ ಜಪಾನಿನ ಮಾಸುಯಿ, ಹಾಷಿಮೊಟೊ ಎಂಬ ವಿದ್ವಾಂಸರು, ಒಂದು ದಿನದ ಮರಿಯ ಗುದದ್ವಾರದೊಳಗಣ ಅತಿಸೂಕ್ಷ್ಮವಾದ ಉಬ್ಬನ್ನು ನೋಡಿ ಲಿಂಗವನ್ನು ತಿಳಿಯುವ ಕ್ರಮವನ್ನು ಪ್ರಕಟಿಸಿದರು. ಪಳಗಿದವರು ಗಂಟೆಗೆ ನೂರಾರು ಮರಿಗಳನ್ನು ಹೀಗೆ ವಿಂಗಡಿಸಬಲ್ಲರು. ಆದರೆ ಬ್ಯಾಂಟಂ ಮರಿಯು ಬಹು ಚಿಕ್ಕದು. ಪಳಗದ ಕೈ ಒತ್ತಿದರೆ ಅದರ ಕರುಳಿಗೇ ಅಪಾಯ. ಗೃಹಸ್ಥರು ಇದಕ್ಕೆ ಕೈಹಾಕದಿರುವುದೇ ಲೇಸು.

ಕೆಲವು ಜಾತಿಗಳಲ್ಲಿ ತುಪ್ಪುಳೇ ಗುರುತನ್ನು ಕೊಡುವುದು. ಕಪ್ಪುಬಿಳುಪಿನ ಪಟ್ಟೆಗಳುಳ್ಳ ಪ್ಲಿಮತ್ ರಾಕ್ ಜಾತಿಯ ಮರಿಗಳಿಗೆ ನೆತ್ತಿಯ ಮೇಲೆ ಬಿಳಿಯ ಬೊಟ್ಟಿರುವುದು. ಹುಂಜಮರಿಯಲ್ಲಿ ಅದು ದೊಡ್ಡದಾಗಿ ಚೆದರಿರುವುದು, ಹೇಂಟೆಮರಿಯಲ್ಲಿ ಸಣ್ಣದಾಗಿ ಒತ್ತಾಗಿರುವುದು. ಮಿಕ್ಕವಕ್ಕೆ ತಾಳ್ಮೆಯೇ ಉಪಾಯ.

ಮೊದಲು ಒಂದೇ ಜಾತಿಯ, ಒಂದೇ ಕಾವಿನ ಮರಿಗಳನ್ನು ಮಾತ್ರ ಪರಸ್ಪರ ಹೋಲಿಸಬೇಕು. ಒಂದೊಂದರ ಕಾಲಿಗೂ ಒಂದೊಂದು ಬಣ್ಣದ ದಾರವನ್ನು ಸಡಿಲವಾಗಿ ಕಟ್ಟಿ, ಕಾಲು ಬೆಳೆದಂತೆ ಬಿಚ್ಚಿ ಕಟ್ಟುತ್ತ, ವಾರಕ್ಕೊಮ್ಮೆ ಕಂಡುದನ್ನು ಬರೆದಿಡಬೇಕು. 4ರಿಂದ 6 ವಾರಗಳಲ್ಲಿ ಹುಂಜಮರಿಯ ಜುಟ್ಟು ಹಿಗ್ಗಿ ಕೆಂಪೇರತೊಡಗುವುದು, ಕಾಲು ದಪ್ಪವಾಗುವುದು. ಹೇಂಟೆಯ ಜುಟ್ಟು ಇನ್ನೂ ಸಣ್ಣದಾಗಿ ಮಂಕಾಗಿರುವುದು. ಬಾಲದ ಗರಿಗಳು ಸಾಮಾನ್ಯವಾಗಿ ಹೇಂಟೆಗೇ ಮೊದಲು. 10ರಿಂದ 12 ವಾರಗಳ ವೇಳೆಗೆ ಬಾಲದ ಬುಡದಲ್ಲಿ ಬೆನ್ನಿನ ಗರಿಗಳನ್ನು ಬಿಡಿಸಿ ನೋಡಿರಿ: ಹುಂಜಕ್ಕೆ ಕಿರಿದಾದ, ಹೊಳೆಯುವ, ಮೊನೆಯುಳ್ಳ ಗರಿಗಳು, ಹೇಂಟೆಗೆ ತುದಿ ದುಂಡಗಾದವು. ಎಲ್ಲಕ್ಕಿಂತ ನೆಚ್ಚತಕ್ಕ ಗುರುತು ಇದೇ.

ಇದಕ್ಕೂ ಅಪವಾದಗಳುಂಟು. ಇಂಗ್ಲೆಂಡಿನ ಸರ್ ಜಾನ್ ಸೀಬ್ರೈಟ್ ಬೆಳೆಸಿದ, ಅವರದೇ ಹೆಸರಿನ ಬ್ಯಾಂಟಂ ಜಾತಿಯಲ್ಲಿ ಹುಂಜಕ್ಕೂ ಹೇಂಟೆಯಂತೆಯೇ ದುಂಡನೆಯ ಗರಿಗಳು. ರೇಷ್ಮೆಯಂತಹ ಪುಕ್ಕದ ಸಿಲ್ಕಿ ಕೋಳಿಯಲ್ಲಿ ಮೊನೆಯುಳ್ಳ ಗರಿಗಳನ್ನು ಹುಡುಕುವುದೇ ವ್ಯರ್ಥ. ಇಂತಹವುಗಳಲ್ಲಿ ಕೂಗು ಕೇಳುವವರೆಗೆ, ಇಲ್ಲವೆ ಮೊಟ್ಟೆ ಕಾಣುವವರೆಗೆ ಕಾಯಬೇಕಾದೀತು.

ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಒಂದೇ ಗುರುತನ್ನು ನೆಚ್ಚಬೇಡಿರಿ. ಎರಡು ಗುರುತುಗಳು ಎರಡು ವಾರ ಒಂದೇ ಮಾತನ್ನು ಹೇಳಿದ ಮೇಲೆ ನಿಶ್ಚಯಿಸಿರಿ. 12 ವಾರ ತುಂಬುವವರೆಗೆ ಯಾವ ಮರಿಯನ್ನೂ ಸಂತೆಗೆ ಕಳುಹಬೇಡಿರಿ. ಅಷ್ಟು ದಿನ ಹೆಚ್ಚಾಗಿ ಹಾಕಿದ ಕಾಳು ನಾಲ್ಕಾರು ಹಿಡಿಯಷ್ಟೆ. ತಪ್ಪು ಕೈಗೆ ಹೋದ ಮರಿಯು ಮಾತ್ರ ಹಿಂದಿರುಗದು.