ಬೋಗುಣಿಯ ನೀರು ಬಿಟ್ಟುಕೊಟ್ಟ ಸುಳಿವು

ಭೂಮಿ ಬಿಸಿಯಾದರೆ ನೀರು ಬೇಗ ಆರಬೇಕು ತಾನೆ? 1995ರಲ್ಲಿ ಅಮೆರಿಕ ಮತ್ತು ಹಿಂದಿನ ಸೋವಿಯತ್ ಒಕ್ಕೂಟದ ದಾಖಲೆಗಳನ್ನು ತೆಗೆದು ನೋಡಿದವರಿಗೆ ಕಂಡದ್ದು ತದ್ವಿರುದ್ಧ. ಹವಾಮಾನ ಕೇಂದ್ರಗಳ ಬೋಗುಣಿಗಳಲ್ಲಿ ನೀರು ಆವಿಯಾಗುವುದು ದಶಕಗಳಿಂದ ಇಳಿಯುತ್ತ ಬಂದಿತ್ತು. ಎರಡು ವರ್ಷ ಕಳೆದು ಭಾರತದಿಂದಲೂ ಅಂಥದ್ದೇ ವರದಿ ಬಂತು.

ಈ ಬೋಗುಣಿ ತೀರಾ ಸರಳ ಸಾಧನ. ಸುಮಾರು 120 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಆಳದ ಲೋಹದ ಪಾತ್ರೆ. ದಿನಾ ಬೆಳಿಗ್ಗೆ ಸಿಬ್ಬಂದಿ ಬಂದು ನೀರು ಎಷ್ಟು ಇಳಿದಿದೆ ಎಂದು ಅಳೆದು ಬರೆದಿಡುತ್ತಾರೆ. ಆಸ್ಟ್ರೇಲಿಯಾದಲ್ಲಿ ಹಕ್ಕಿಗಳು ಕುಡಿಯದಂತೆ ಮೇಲೊಂದು ತಂತಿಬಲೆ. ಪಕ್ಕದಲ್ಲೇ ಗಾಳಿಗೆ ಗಿರ್ರನೆ ತಿರುಗುವ ಬಟ್ಟಲುಗಳ ಗಾಳಿಮಾಪಕ.

ಕ್ಯಾನ್‌ಬೆರಾದ ವಿಜ್ಞಾನಿಗಳಾದ ಮೈಕೆಲ್ ರಾಡರಿಕ್, ಗ್ರಹಾಂ ಫಾರ್ಕರ್ ಮೊದಲು ಬಿಸಿಲಿನ ಮೇಲೆ ಅನುಮಾನಪಟ್ಟರು. ಹೊಗೆ, ಮೋಡ ಹೆಚ್ಚಾಗಿ ಬಿಸಿಲು ಕುಂದಿರಬೇಕು ಎಂದು 2002ರಲ್ಲಿ ಬರೆದರು. ಆದರೆ 2007ರಲ್ಲಿ ಆಸ್ಟ್ರೇಲಿಯಾದ ಅಂಕಿಗಳನ್ನು ಬಿಡಿಸಿ ನೋಡಿದಾಗ ಅಲ್ಲಿನ ಮುಖ್ಯ ಕಾರಣ ಗಾಳಿ ಎಂದು ತಿಳಿಯಿತು. ನೆಲದ ಹತ್ತಿರ ಗಾಳಿ ನಿಧಾನವಾಗುತ್ತಿತ್ತು.

ಇದನ್ನು ತಾಳೆ ನೋಡುವಾಗಲೇ ತೊಡಕು ಎದುರಾದದ್ದು. ಕಳೆದ ದಶಕಗಳ ಹವಾಮಾನವನ್ನು ಕಂಪ್ಯೂಟರ್ ಮಾದರಿಯಲ್ಲಿ ಮತ್ತೆ ಕಟ್ಟಿಕೊಡುವ ದತ್ತಾಂಶಗಳಿವೆ; ಗಾಳಿ ವಿದ್ಯುತ್ತಿನ ಲೆಕ್ಕಕ್ಕೂ ಅವನ್ನೇ ನೆಚ್ಚಿಕೊಳ್ಳುತ್ತಾರೆ. ಟಿಮ್ ಮ್ಯಾಕ್‌ವಿಕಾರ್ ಮತ್ತು ಸಂಗಡಿಗರು 2008ರಲ್ಲಿ ಅಂಥ ದತ್ತಾಂಶಗಳನ್ನು ಕೇಂದ್ರಗಳ ಅಳತೆಯ ಪಕ್ಕದಲ್ಲಿಟ್ಟರು. 1975ರಿಂದ 2006ರವರೆಗೆ ಆಸ್ಟ್ರೇಲಿಯಾದ ಶೇ. 88ರಷ್ಟು ನೆಲದ ಮೇಲೆ ಗಾಳಿ ತಗ್ಗಿತ್ತು. ಸರಾಸರಿ ಇಳಿಕೆ ವರ್ಷಕ್ಕೆ ಸೆಕೆಂಡಿಗೆ 0.009 ಮೀಟರ್, ಮೂವತ್ತು ವರ್ಷಕ್ಕೆ ಗಂಟೆಗೆ ಸುಮಾರು ಒಂದು ಕಿಲೋಮೀಟರ್. ಮಾದರಿಗಳಲ್ಲಿ ಈ ಇಳಿಕೆಯ ಸುಳಿವೇ ಇಲ್ಲವೆನ್ನಬೇಕು.

ತಪ್ಪು ಯಾರದ್ದು? ಬೇರಿಂಗ್ ಸವೆದ ಹಳೇ ಗಾಳಿಮಾಪಕದ್ದೇ ಇರಬೇಕು ಎಂದುಬಿಡುವುದು ಸುಲಭವಿತ್ತು, ಆ ಅನುಮಾನ ಪೂರ್ತಿ ಅನ್ಯಾಯವೂ ಅಲ್ಲ. ಆದರೆ ದೇಶ ದೇಶಗಳ ಬೇರೆ ಬೇರೆ ಉಪಕರಣಗಳೆಲ್ಲ ಒಂದೇ ದಿಕ್ಕಿಗೆ ಸವೆದವು ಎಂದು ನಂಬುವುದು ಹೇಗೆ? 2010ರಲ್ಲಿ ರಾಬರ್ಟ್ ವೊತಾರ್ ತಂಡ ಉತ್ತರಾರ್ಧಗೋಳದ 822 ಕೇಂದ್ರಗಳನ್ನು ಜಾಲಾಡಿತು. 1979ರಿಂದ 2008ರೊಳಗೆ ಶೇ. 5ರಿಂದ 15ರಷ್ಟು ಇಳಿಕೆ. ಜೋರು ಗಾಳಿಯೇ ಹೆಚ್ಚು ಸೊರಗಿತ್ತು. ಮಾದರಿಯ ಗಾಳಿ ಮಾತ್ರ ಆಗಲೂ ಹಾಗೇ ಇತ್ತು.

ಈ ಹೊಂದದಿರುವಿಕೆಯೇ ದಾರಿ ತೋರಿಸಿತು. ಅಂಥ ಮಾದರಿಗಳಿಗೆ ವಾಯುಭಾರ, ಮೇಲ್ಗಾಳಿಯ ಅಳತೆ ಉಣಿಸುತ್ತಾರೆ, ನೆಲದ ಕೇಂದ್ರಗಳ ಗಾಳಿಯನ್ನು ಸಾಮಾನ್ಯವಾಗಿ ಉಣಿಸುವುದಿಲ್ಲ. ಅವುಗಳ ನೆಲದಲ್ಲಿ ವರ್ಷದಿಂದ ವರ್ಷಕ್ಕೆ ಮರ ದಟ್ಟವಾಗುವುದೂ ಇಲ್ಲ, ಊರು ಹಬ್ಬುವುದೂ ಇಲ್ಲ. ನಿಜವಾದ ನೆಲದಲ್ಲಿ ಇವೆರಡೂ ಗಾಳಿಗೆ ಅಡ್ಡ. ಪಾಳುಬಿದ್ದ ಹೊಲಗಳು ಕಾಡಾದ ಯುರೇಷ್ಯಾದ ಭಾಗಗಳಲ್ಲಿ ಗಾಳಿ ಹೆಚ್ಚು ತಗ್ಗಿತ್ತು. ನೆಲದ ಈ ಒರಟುತನ ಇಳಿಕೆಯ ಶೇ. 25ರಿಂದ 60ರಷ್ಟಕ್ಕೆ ಉತ್ತರವಾಗಬಲ್ಲದು ಎಂದು ತಂಡ ಅಂದಾಜಿಸಿತು.

ಉಳಿದದ್ದಕ್ಕೆ? 2019ರಲ್ಲಿ ಜೆನ್‌ಜಾಂಗ್ ಜೆಂಗ್ ಮತ್ತು ಸಂಗಡಿಗರು ಇನ್ನೊಂದು ಅಚ್ಚರಿ ಹೊರತಂದರು: 2010ರ ಸುಮಾರಿನಿಂದ ಗಾಳಿ ಮತ್ತೆ ಚುರುಕಾಗಿದೆ. ಮರಗಳೇನೂ ಹಠಾತ್ತನೆ ಕುಗ್ಗಿರಲಿಲ್ಲ. ಹೀಗಾಗಿ ಅವರು ಬೊಟ್ಟು ಮಾಡಿದ್ದು ದಶಕಗಳ ಲೆಕ್ಕದಲ್ಲಿ ಏರಿಳಿಯುವ ಸಾಗರ ಮತ್ತು ವಾಯುಮಂಡಲದ ಓಲಾಟಗಳತ್ತ.