ಹೆಗ್ಗೋಡಿನ ಬೆಳಗಿನ ಮಾತು

ಸಾಹಿತ್ಯೋತ್ಸವಗಳಿಗೆ ಇಂದು ನಮ್ಮಲ್ಲಿ ಕೊರತೆಯಿಲ್ಲ. ಭಾಷಣಕಾರರ ಪಟ್ಟಿ ಉದ್ದವಾಗಿರುತ್ತದೆ, ಹಾರ-ತುರಾಯಿಗಳೂ ಹೇರಳ. ಸಭೆ ಚದುರಿದ ಮೇಲೆ ಮನಸ್ಸಿನಲ್ಲಿ ಉಳಿಯುವ ಮಾತು ಎಷ್ಟು? ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ಸಾಗರದ ಬಳಿಯ ಹೆಗ್ಗೋಡು ನೆನಪಾಗುತ್ತದೆ.

ಅಡಕೆ ತೋಟಗಳ ನಡುವಣ ಆ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವು ನೀನಾಸಂ ಎಂಬ ಹೆಸರಿನಿಂದ ನಾಡಿಗೆಲ್ಲ ಪರಿಚಿತ. ಅದನ್ನು ಕಟ್ಟಿ ಬೆಳೆಸಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 2005ರಲ್ಲಿ ಅವರು ಗತಿಸಿದರು. ಅಲ್ಲಿ ಅಕ್ಟೋಬರಿನಲ್ಲಿ ಸೇರುತ್ತಿದ್ದ ಸಂಸ್ಕೃತಿ ಶಿಬಿರದಲ್ಲಿ ಹಗಲು ಉಪನ್ಯಾಸಗಳು, ಸಂಜೆ ಶಿವರಾಮ ಕಾರಂತ ರಂಗಮಂದಿರದಲ್ಲಿ ನಾಟಕ. ಮರುದಿನ ಬೆಳಗ್ಗೆ ಆ ನಾಟಕವನ್ನು ಕುರಿತ ಚರ್ಚೆ. ಯು. ಆರ್. ಅನಂತಮೂರ್ತಿಯವರಂಥವರು ಮಾತನಾಡುತ್ತಿದ್ದ ಆ ಶಿಬಿರದಲ್ಲಿ ವಿದ್ಯಾರ್ಥಿಗಳೂ ಉಪಾಧ್ಯಾಯರೂ ಕೃಷಿಕರೂ ಒಟ್ಟಿಗೆ ಕುಳಿತು ಕೇಳುತ್ತಿದ್ದರು, ಒಟ್ಟಿಗೆ ಪ್ರಶ್ನಿಸುತ್ತಿದ್ದರು. ಬೆಳಗಿನ ಆ ಚರ್ಚೆಯೇ ಶಿಬಿರದ ತಿರುಳೆಂದು ನನ್ನ ಭಾವನೆ. ಅದಕ್ಕೆ ಕಾರಣವುಂಟು.

ಎಂ.ಎ. ಮುಗಿಸಿ ಅಧ್ಯಾಪಕನಾದ ಹೊಸತರಲ್ಲಿ ನಾನೂ ಅಲ್ಲಿಗೆ ಹೋಗಿದ್ದೆ. ಹಿಂದಿನ ಸಂಜೆ ಒಂದು ದುರಂತ ನಾಟಕವಾಗಿತ್ತು. ಚರ್ಚೆ ಮೊದಲಾದೊಡನೆ ಎದ್ದುನಿಂತು, ಅರಿಸ್ಟಾಟಲನಿಂದ ಅಭಿನವಗುಪ್ತನವರೆಗೆ ನಾನು ಓದಿದ್ದನ್ನೆಲ್ಲ ಒಪ್ಪಿಸಿದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯ ಕೃಷಿಕರೊಬ್ಬರು ಮೆಲ್ಲನೆ ಕೇಳಿದರು: “ನೀವು ಹೇಳಿದ್ದೆಲ್ಲ ಸರಿಯಿರಬಹುದು, ಮೇಷ್ಟ್ರೇ. ಆದರೆ ಮಗ ಸತ್ತ ಸುದ್ದಿ ಬಂದಾಗ ಆ ರಾಣಿ ಯಾಕೆ ಅಳಲಿಲ್ಲ?”

ನಾನು ನಿರುತ್ತರನಾದೆ. ನಿಜ ಹೇಳಬೇಕೆಂದರೆ, ರಾಣಿ ಅಳಲಿಲ್ಲವೆಂಬುದನ್ನೇ ನಾನು ಗಮನಿಸಿರಲಿಲ್ಲ. ಆ ಹೊತ್ತಿನಲ್ಲಿ ತಲೆ ತಗ್ಗಿಸಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಆಕೆಗೆ ಸುದ್ದಿ ಮೊದಲೇ ಗೊತ್ತಿತ್ತೆಂದು ಒಬ್ಬಳು ವಿದ್ಯಾರ್ಥಿನಿ ವಾದಿಸಿದಳು. ಸಿಂಹಾಸನದ ಮೇಲೆ ಕುಳಿತವರಿಗೆ ಅಳುವ ಸ್ವಾತಂತ್ರ್ಯವಿಲ್ಲವೆಂದರು ಇನ್ನೊಬ್ಬರು. ಆ ಒಂದು ಪ್ರಶ್ನೆಯ ಸುತ್ತಲೇ ಅಂದಿನ ಬೆಳಗು ಕಳೆಯಿತು. ನಾನು ಒಪ್ಪಿಸಿದ ಪಾಠವನ್ನು ಮತ್ತೆ ಯಾರೂ ಎತ್ತಲಿಲ್ಲ.

ಊರಿಗೆ ಮರಳಿ ತರಗತಿಯಲ್ಲಿ ನಿಂತಾಗ ನನಗೆ ಅಳುಕಾಯಿತು. ಕವಿತೆಯನ್ನು ಓದುವ ಮೊದಲೇ ಅದರ ‘ಸಾರಾಂಶ’ವನ್ನು ಬರೆಯಿಸುತ್ತ, ಹುಡುಗರ ಕಣ್ಣನ್ನು ಪುಸ್ತಕದಿಂದ ಟಿಪ್ಪಣಿಯ ಕಡೆಗೆ ತಿರುಗಿಸುತ್ತಿದ್ದವನು ನಾನೇ ಅಲ್ಲವೆ? ಅಂದಿನಿಂದ ಮೊದಲು ಓದು, ಬಳಿಕ ಅವರ ಪ್ರಶ್ನೆ, ಕೊನೆಗೆ ನನ್ನ ವಿವರಣೆ ಎಂಬ ಕ್ರಮವನ್ನು ಹಿಡಿದಿದ್ದೇನೆ. ಇದರಿಂದ ಪಾಠ ನಿಧಾನವಾಗುತ್ತದೆ. ಪರೀಕ್ಷೆ ಹತ್ತಿರವಾದಾಗ ಹುಡುಗರು ಗೊಣಗುವುದೂ ಉಂಟು. ಆದರೂ ಪ್ರತಿವರ್ಷ ಒಬ್ಬರಾದರೂ ನಾನು ಕಾಣದಿದ್ದುದನ್ನು ಕಂಡು ಹೇಳುತ್ತಾರೆ. ಆಗ ಆ ಹಿರಿಯರಿಗೆ ನಾನು ಮನಸ್ಸಿನಲ್ಲೇ ನಮಸ್ಕರಿಸುತ್ತೇನೆ.