ನೆರೆಮನೆಯ ಭಾಷೆಯಾಡುವ ದೆವ್ವ

ಕೊಯಮತ್ತೂರಿನ ವೆರೈಟಿ ಹಾಲ್ ರಸ್ತೆಯಲ್ಲಿ ನಿತ್ಯ ಓಡಾಡುವ ಎಷ್ಟೋ ಮಂದಿಗೆ ಅದು ಒಂದು ಚಿತ್ರಮಂದಿರದ ಹೆಸರೆಂಬುದು ತಿಳಿದಿರಲಾರದು. ರೈಲ್ವೆ ನೌಕರರಾಗಿದ್ದ ಸಾಮಿಕಣ್ಣು ವಿನ್ಸೆಂಟರು 1905ರಲ್ಲಿ ಫ್ರೆಂಚನೊಬ್ಬನಿಂದ ಪ್ರೊಜೆಕ್ಟರು ಕೊಂಡು, ಊರೂರಿನಲ್ಲಿ ಡೇರೆ ಹಾಕಿ ಚಿತ್ರ ತೋರಿಸಿ, 1914ರಲ್ಲಿ ಇಲ್ಲಿ ವೆರೈಟಿ ಹಾಲನ್ನು ಕಟ್ಟಿದರು. ಮುಂದೆ ಸೆಂಟ್ರಲ್ ಸ್ಟುಡಿಯೋ, ಪಕ್ಷಿರಾಜ ಸ್ಟುಡಿಯೋಗಳು ಇದೇ ಊರಿನಲ್ಲಿ ತಲೆಯೆತ್ತಿದವು. ಪಕ್ಷಿರಾಜದ ಎಸ್.ಎಂ. ಶ್ರೀರಾಮುಲು ನಾಯ್ಡು ಅವರ ‘ಮಲೈಕ್ಕಳ್ಳನ್’ (1954) ಹಲವು ಭಾಷೆಗಳನ್ನು ಸುತ್ತಿ, 1957ರಲ್ಲಿ ‘ಬೆಟ್ಟದ ಕಳ್ಳ’ನಾಗಿ ಕನ್ನಡಕ್ಕೂ ಬಂದಿತು. ಒಂದೇ ಕಥೆಯನ್ನು ಹಲವು ಭಾಷೆಗಳಲ್ಲಿ ನೋಡುವ ಅಭ್ಯಾಸ ಈ ಸೀಮೆಗೆ ಹೊಸತಲ್ಲ.

ಇಲ್ಲಿಯ ಪ್ರೇಕ್ಷಕರೂ ಬಗೆಬಗೆಯವರು. ವಾರದ ಸಂಬಳ ಕೈಸೇರಿದ ಶನಿವಾರ ರಾತ್ರಿ ತಿರುಪ್ಪೂರಿನ ಬನಿಯನ್ ಕಾರ್ಮಿಕರು ನೋಡುವ ಸಿನಿಮಾ ಒಂದು ಬಗೆ. ಕೊಯಮತ್ತೂರಿನ ಕೋಣಂಗಳ್ ಚಿತ್ರಸಮಾಜದವರು ಕೂತು ಚರ್ಚಿಸುವ ಜಗತ್ತಿನ ಸಿನಿಮಾ ಇನ್ನೊಂದು ಬಗೆ. ಆದರೆ ದೆವ್ವದ ಕಥೆಯೆಂದರೆ ಈ ಇಬ್ಬರೂ ಕಿವಿ ನಿಮಿರಿಸುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಭರತಮುನಿಯೇ ಭಯಾನಕವನ್ನು ಎಂಟು ರಸಗಳಲ್ಲಿ ಒಂದಾಗಿ ಎಣಿಸಿದ್ದಾನೆ.

ಈ ಪ್ರೀತಿಯ ದೊಡ್ಡ ಉದಾಹರಣೆ ನಾಗವಲ್ಲಿಯ ಕಥೆ. 1993ರಲ್ಲಿ ಫಾಸಿಲ್ ನಿರ್ದೇಶಿಸಿದ ಮಲಯಾಳದ ‘ಮಣಿಚಿತ್ರತ್ತಾಳು’ ಇದರ ಮೂಲ. ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಪಿ. ವಾಸು ಅದನ್ನು 2004ರಲ್ಲಿ ಕನ್ನಡದ ‘ಆಪ್ತಮಿತ್ರ’ವಾಗಿಯೂ 2005ರಲ್ಲಿ ತಮಿಳಿನ ‘ಚಂದ್ರಮುಖಿ’ಯಾಗಿಯೂ ತೆರೆಗೆ ತಂದರು. ಚಂದ್ರಮುಖಿ ಚೆನ್ನೈನ ಶಾಂತಿ ಚಿತ್ರಮಂದಿರದಲ್ಲಿ 800 ದಿನಗಳನ್ನೂ ಮೀರಿ ಓಡಿತು. ಕನ್ನಡಿಗರ ಪಾಲಿಗೆ ಈ ಕಥೆಗೆ ಶೋಕದ ನೆರಳೂ ಅಂಟಿಕೊಂಡಿತು. ‘ಆಪ್ತಮಿತ್ರ’ ತೆರೆಕಾಣುವ ಮೊದಲೇ, 2004ರ ಏಪ್ರಿಲ್‌ನಲ್ಲಿ, ಸೌಂದರ್ಯ ವಿಮಾನ ದುರಂತದಲ್ಲಿ ತೀರಿಕೊಂಡರು. ಅದರ ಮುಂದುವರಿದ ಭಾಗ ‘ಆಪ್ತರಕ್ಷಕ’ 2010ರಲ್ಲಿ ಬಂದಾಗ ವಿಷ್ಣುವರ್ಧನರೂ ಇರಲಿಲ್ಲ.

ಈ ಚಿತ್ರಗಳನ್ನು ಸಾಲಾಗಿ ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮಲಯಾಳದ ಮನೆಯಲ್ಲಿ ಮೈಮೇಲೆ ಬಂದವಳು ತಮಿಳು ಆಡುತ್ತಾಳೆ. ಕನ್ನಡದ ಅರಮನೆಯಲ್ಲಿ ತೆಲುಗು ಆಡುತ್ತಾಳೆ; ತಮಿಳು ಚಿತ್ರದಲ್ಲಿಯೂ ತೆಲುಗೇ. ಹಿಂದಿಗೆ ಹೋದಾಗ (‘ಭೂಲ್ ಭುಲೈಯಾ’, 2007) ಅವಳ ಮಾತು ಬಂಗಾಳಿಯಾಯಿತು. ಎಲ್ಲಿಗೆ ಹೋದರೂ ದೆವ್ವದ್ದು ನೆರೆಮನೆಯ ಭಾಷೆ! ಪರಿಚಿತ ಮುಖದಿಂದ ಅಪರಿಚಿತ ಮಾತು ಹೊರಟಾಗ ಎದೆ ನಡುಗುವುದು ಸಹಜ. ಕಥೆಗಾರರು ಆ ನಡುಕವನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ.

ಆದರೆ ನಮ್ಮ ಕೊಯಮತ್ತೂರಿನಲ್ಲಿ ಆ ಉಪಾಯ ಪೂರ್ತಿ ಫಲಿಸದು. ತೆಲುಗನ್ನು ಮನೆಮಾತಾಗಿ ಉಳ್ಳವರು ಈ ಜಿಲ್ಲೆಯಲ್ಲಿ ಬಹಳ ಮಂದಿ ಇದ್ದಾರೆ. ಅವರ ಕಿವಿಗೆ ಚಂದ್ರಮುಖಿಯ ಮಾತು ಪಿಶಾಚಿಯ ಕೂಗಲ್ಲ. ಅನ್ಯಾಯಕ್ಕೊಳಗಾದ ಒಬ್ಬ ಹೆಣ್ಣಿನ ಅಳಲು. ಭಾಷೆ ತಿಳಿದವನಿಗೆ ಭಯ ಕರಗಿ ಕರುಣೆ ಹುಟ್ಟುತ್ತದೆ. ಚಿತ್ರದ ಪರಿಹಾರವೂ ಅದೇ ಅಲ್ಲವೇ? ಮನೋವೈದ್ಯನು ಅವಳನ್ನು ಹೊಡೆದೋಡಿಸುವುದಿಲ್ಲ. ಅವಳ ಕಥೆಯನ್ನು ಕೇಳಿ ತಿಳಿದುಕೊಳ್ಳುತ್ತಾನೆ.

ಇಂಥ ಚಿತ್ರಗಳನ್ನು ಮಕ್ಕಳಿಗೆ ತೋರಿಸಬಹುದೇ ಎಂಬ ಪ್ರಶ್ನೆ ತಂದೆತಾಯಿಯರದು. ವಕೀಲನಾಗಿ ಇಷ್ಟು ಹೇಳಬಲ್ಲೆ. ‘ಎ’ ಪ್ರಮಾಣಪತ್ರದ ಚಿತ್ರಕ್ಕೆ ಹದಿನೆಂಟು ತುಂಬದವರನ್ನು ಬಿಡುವಂತಿಲ್ಲ. ‘ಯುಎ’ ವರ್ಗವನ್ನು 2023ರ ತಿದ್ದುಪಡಿಯು 7, 13, 16 ವರ್ಷಗಳೆಂದು ಮೂರಾಗಿ ವಿಂಗಡಿಸಿತು. ಆದರೆ ಅದು ಹೆತ್ತವರಿಗೆ ಕೊಟ್ಟ ಸೂಚನೆಯೇ ಹೊರತು ಬಾಗಿಲಿನ ಕಾವಲಲ್ಲ. ಅಂತಿಮ ತೀರ್ಪು ಮನೆಯಲ್ಲಿಯೇ ಆಗಬೇಕು. ಮಗುವನ್ನು ಒಂಟಿಯಾಗಿ ಮೊಬೈಲಿನ ಮುಂದೆ ಬಿಡುವುದಕ್ಕಿಂತ ಜೊತೆಗೆ ಕೂತು ನೋಡಿ, ಮುಗಿದ ಮೇಲೆ ಮಾತನಾಡುವುದು ಮೇಲು.

ಆ ಮಾತು ಕನ್ನಡದಲ್ಲಾಗಲಿ ಎಂಬುದು ನನ್ನ ಕೋರಿಕೆ. ಬೀದಿಯಲ್ಲಿ, ಬಸ್ಸಿನಲ್ಲಿ ಕನ್ನಡ ಆಡುವಾಗ ನಮ್ಮ ಮಕ್ಕಳ ದನಿ ತಗ್ಗುವುದನ್ನು ನಾವೆಲ್ಲ ಕಂಡಿದ್ದೇವೆ. ಸುತ್ತಲಿನವರಿಗೆ ತಮ್ಮ ಮಾತು ವಿಚಿತ್ರವಾಗಿ ಕೇಳೀತೆಂಬ ಅಳುಕು ಅದು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಆದರೆ ಅಳುಕನ್ನು ಬಿಡಿಸುವ ವಿಧಿ ಯಾವ ಪುಸ್ತಕದಲ್ಲಿಯೂ ಇಲ್ಲ. ಅದು ಅಜ್ಜಿಯ ಬಳಿಯಿದೆ. ಒಂದು ಕಾಲಕ್ಕೆ ಕರ್ನಾಟಕದ ಊರುಗಳಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವವನ್ನು ಸಾಗಹಾಕಲು ಜನ ಕದದ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ದೆವ್ವಕ್ಕೂ ಕನ್ನಡ ಓದು ಬರುತ್ತದೆಂಬ ನಂಬಿಕೆ ಅವರದು! ಈ ಕಥೆಯನ್ನು ಮಕ್ಕಳಿಗೆ ಹೇಳಿ. ಅವರು ನಗಲಿ, ಸ್ವಲ್ಪ ಹೆದರಲಿ, ಮರುದಿನ ಗೆಳೆಯರಿಗೆ ತಮಿಳಿನಲ್ಲಿ ಹೇಳಲಿ. ಎರಡು ಭಾಷೆ ಬಲ್ಲ ಮಗು ಯಾರ ಮನೆಯ ದೆವ್ವಕ್ಕೂ ಬಹಳ ಹೊತ್ತು ಹೆದರುವುದಿಲ್ಲ.